ಅಧಿವೇಶನದ ದಿನಗಳಲ್ಲಿ ಶಾಸಕರ ಕೆಲಸ: ಮುಂಬಯಿ, ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದಿಂದ ಡೊಂಬಿವಲಿವರೆಗೆ, ಪುಣೆಯಿಂದ ಪಿಂಪ್ರಿವರೆಗೆ ನಮ್ಮವರ ದೂರುಗಳು ಹೆಚ್ಚುಕಡಿಮೆ ಒಂದೇ. ಕನ್ನಡ ಶಾಲೆಗೆ ಮೇಷ್ಟ್ರಿಲ್ಲ, ಹೋಟೆಲಿನ ಲೈಸೆನ್ಸ್ ನವೀಕರಣ ಆಗಿಲ್ಲ, ಹಳೆಯ ಚಾಳ ಕೆಡವಿದ ಬಿಲ್ಡರ್ ಮತ್ತೆ ಕಟ್ಟುತ್ತಿಲ್ಲ. "ಸಾಹೇಬ್ರು ಅಧಿವೇಶನದಲ್ಲಿ ಎತ್ತಲಿ" ಅಂತ ಮನವಿ ಕೊಡುತ್ತೇವೆ. ಆದರೆ ಕೊಡುವುದು ಅಧಿವೇಶನ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಗಾಡಿ ಸ್ಟೇಷನ್ ಬಿಟ್ಟಾಗಿರುತ್ತದೆ. ಸದನದಲ್ಲಿ ಶಾಸಕರು ಬಾಯಿ ತೆರೆಯುವ ಮುಂಚೆ ಅವರ ಕಾಗದ ಒಳಗೆ ಹೋಗಿರಬೇಕು. ಇಲ್ಲಿನ ಹೆಚ್ಚಿನ ಉತ್ತರಗಳು ಈ ಒಂದು ಮಾತಿನ ಸುತ್ತಲೇ ಇವೆ.

ಮಹಾರಾಷ್ಟ್ರದಲ್ಲಿ ಅಧಿವೇಶನ ಯಾವಾಗ, ಎಲ್ಲಿ ನಡೆಯುತ್ತದೆ?

ವಾಡಿಕೆಯಂತೆ ವರ್ಷಕ್ಕೆ ಮೂರು. ಬಜೆಟ್ ಅಧಿವೇಶನ ಫೆಬ್ರವರಿ-ಮಾರ್ಚಿನಲ್ಲಿ, ಮಳೆಗಾಲದ ಅಧಿವೇಶನ ಜೂನ್-ಜುಲೈಯಲ್ಲಿ. ಇವೆರಡೂ ಮುಂಬಯಿಯ ನರಿಮನ್ ಪಾಯಿಂಟಿನ ವಿಧಾನ ಭವನದಲ್ಲಿ ನಡೆಯುತ್ತವೆ. ಚಳಿಗಾಲದ್ದು ಡಿಸೆಂಬರಿನಲ್ಲಿ ನಾಗಪುರದಲ್ಲಿ. ವರ್ಷಕ್ಕೊಂದು ಅಧಿವೇಶನ ನಾಗಪುರದಲ್ಲಿ ಆಗಬೇಕೆಂಬುದು 1953ರ ನಾಗಪುರ ಒಪ್ಪಂದದ ಮಾತು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ.

ನಾಗಪುರದ ದಿನಗಳಲ್ಲಿ ಸಚಿವರು, ಕಾರ್ಯದರ್ಶಿಗಳು, ಬೇಕಾದ ಕಡತಗಳು ಎಲ್ಲವೂ ಅಲ್ಲಿಗೆ ಹೋಗುತ್ತವೆ. ಆಗ ಮುಂಬಯಿಯ ಮಂತ್ರಾಲಯದಲ್ಲಿ (ರಾಜ್ಯದ ಸಚಿವಾಲಯ) ನಿಮ್ಮ ಕೆಲಸಕ್ಕೆ ಸಹಿ ಹಾಕುವವರು ಸಿಗುವುದು ಕಷ್ಟ. ಡಿಸೆಂಬರಿನಲ್ಲಿ ತುರ್ತು ಕೆಲಸ ಇದ್ದರೆ ನವೆಂಬರಿನಲ್ಲೇ ಮುಗಿಸಿಕೊಳ್ಳಿ.

ವಿಧಾನಸಭೆಯ ಸದಸ್ಯರನ್ನು ಹಿಡಿಯಬೇಕೋ, ಪರಿಷತ್ತಿನವರನ್ನೋ?

ವಿಧಾನಸಭೆಯಲ್ಲಿ 288 ಸದಸ್ಯರು. ಅದರಲ್ಲಿ ಮುಂಬಯಿಯ ಪಾಲು 36, ಪುಣೆ ಜಿಲ್ಲೆಯದು 21. ಪರಿಷತ್ತಿನಲ್ಲಿ 78 ಮಂದಿ. ನಿಮ್ಮ ಬೀದಿ, ನಿಮ್ಮ ಕಟ್ಟಡದ ವಿಷಯವಾದರೆ ಕ್ಷೇತ್ರದ ಶಾಸಕರೇ ಸರಿ.

ಶಾಲೆಯ ವಿಷಯಕ್ಕೆ ಮಾತ್ರ ನಮ್ಮವರು ಮರೆಯುವ ದಾರಿಯೊಂದಿದೆ. ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಏಳು, ಪದವೀಧರ ಕ್ಷೇತ್ರದಿಂದ ಏಳು ಸದಸ್ಯರು ಇರುತ್ತಾರೆ. ಶಾಲೆ, ಸಂಬಳ, ಅನುದಾನದ ಪ್ರಶ್ನೆಗಳು ಅವರ ದಿನನಿತ್ಯದ ಕೆಲಸ. ಅವರ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹಿಂದಿನ ಸಲ ಹೆಸರಿತ್ತು ಎಂದು ಸುಮ್ಮನೆ ಕೂತರೆ ಈ ಸಲ ಇರುವುದಿಲ್ಲ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ತುಂಬಬೇಕು. ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಶಿಕ್ಷಕರಾದರೆ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಹಂತದಲ್ಲಿ, ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಕಲಿಸಿರಬೇಕು. ಮುಂಬಯಿಯಲ್ಲಿ ಡಿಗ್ರಿ ಮಾಡಿ ನೆಲೆಸಿದ ಸಾವಿರಾರು ಕನ್ನಡಿಗರು ಈ ಪಟ್ಟಿಯ ಹೊರಗೇ ಉಳಿದಿದ್ದಾರೆ ಎಂಬುದು ನಮಗೆ ನಿಜಕ್ಕೂ ಬೇಸರದ ಸಂಗತಿ.

ಅಧಿವೇಶನದ ಒಂದು ದಿನ ಶಾಸಕರಿಗೆ ಹೇಗೆ ಸಾಗುತ್ತದೆ?

ದಿನ ಶುರುವಾಗುವುದು ಹಿಂದಿನ ರಾತ್ರಿಯೇ. ಮರುದಿನದ ಕಾರ್ಯಕಲಾಪದ ಪಟ್ಟಿ ಕೈಸೇರುತ್ತಿದ್ದಂತೆ ಆಪ್ತ ಸಹಾಯಕರು ಅದರಲ್ಲಿ ತಮ್ಮ ಸಾಹೇಬರ ಹೆಸರು ಎಲ್ಲೆಲ್ಲಿ ಇದೆ ನೋಡಿ ಗುರುತು ಹಾಕುತ್ತಾರೆ. ಪ್ರಶ್ನೆ ಎಷ್ಟನೆಯದು? ಲಕ್ಷವೇಧಿ (ಗಮನ ಸೆಳೆಯುವ ಸೂಚನೆ) ಇದೆಯೇ? ಯಾವ ಮಸೂದೆ ಬರುತ್ತಿದೆ? ಪಟ್ಟಿಯಲ್ಲಿ ಐದನೆಯದರೊಳಗೆ ಪ್ರಶ್ನೆ ಇದ್ದರೆ ಆ ರಾತ್ರಿ ನಿದ್ದೆ ಕಡಿಮೆ. ಕಡತ ಬಿಚ್ಚಿ ಉಪಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು.

ಬೆಳಿಗ್ಗೆ ಏಳಕ್ಕೇ ಜನ ಬರತೊಡಗುತ್ತಾರೆ. ಹೊರಜಿಲ್ಲೆಯ ಶಾಸಕರು ಆಕಾಶವಾಣಿ ಆಮದಾರ್ ನಿವಾಸದಂಥ (ಶಾಸಕರ ವಸತಿಗೃಹ) ಕಡೆ ಇದ್ದರೆ ಅವರ ಕ್ಷೇತ್ರದ ಜನ ರಾತ್ರಿ ರೈಲಿನಲ್ಲಿ ಬಂದು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಉಪನಗರದ ಶಾಸಕರಾದರೆ ಒಂಬತ್ತರೊಳಗೆ ಮನೆ ಬಿಡಬೇಕು, ಇಲ್ಲದಿದ್ದರೆ ಟ್ರಾಫಿಕ್ಕಿನಲ್ಲೇ ಪ್ರಶ್ನೋತ್ತರದ ವೇಳೆ ಕಳೆದುಹೋಗುತ್ತದೆ. ಹತ್ತರ ಸುಮಾರಿಗೆ ಪಕ್ಷದ ಸಭೆ. ಆಮೇಲೆ ವಿಧಾನ ಭವನದ ಮೆಟ್ಟಿಲ ಮೇಲೆ ಫಲಕ ಹಿಡಿದು ಘೋಷಣೆ. ಟಿವಿಯಲ್ಲಿ ನೀವು ನೋಡುವುದು ಹೆಚ್ಚಾಗಿ ಈ ಹತ್ತು ನಿಮಿಷವನ್ನೇ.

ಸಾಮಾನ್ಯವಾಗಿ 11ಕ್ಕೆ ಸಭೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರ. ಅದು ಮುಗಿದ ಮೇಲೆ ಇಲಾಖೆಗಳ ವರದಿಗಳನ್ನು ಸದನದ ಮುಂದಿಡುತ್ತಾರೆ, ಔಚಿತ್ಯದ ಪ್ರಶ್ನೆಗಳು (ಮರಾಠಿಯ "ಔಚಿತ್ಯಾಚೇ ಮುದ್ದೇ") ಬರುತ್ತವೆ, ನಿಲುವಳಿ ಸೂಚನೆ (ಬೇರೆ ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಿ ಎಂಬ ಕೋರಿಕೆ) ಕೊಟ್ಟಿದ್ದರೆ ಅದರ ಗದ್ದಲವೂ ಆಗಲೇ. ನಂತರ ಲಕ್ಷವೇಧಿಗಳು. ಮಸೂದೆ, ಅನುದಾನದ ಬೇಡಿಕೆಗಳ ಮೇಲಿನ ಚರ್ಚೆ, ನಿಯಮ 293ರಂತೆ ದೊಡ್ಡ ವಿಷಯಗಳ ಚರ್ಚೆ ಮುಂತಾದವು ಮಧ್ಯಾಹ್ನದ ಊಟದ ನಂತರ. ಲಕ್ಷವೇಧಿಗಳು ಗುಡ್ಡೆಬಿದ್ದಾಗ ಮರುದಿನ ಬೆಳಿಗ್ಗೆ 11ಕ್ಕೆ ಮುಂಚೆಯೇ ವಿಶೇಷ ಬೈಠಕ್ ಕರೆಯುವುದೂ ಉಂಟು. ಕೊನೆಯ ವಾರದಲ್ಲಿ ರಾತ್ರಿಯವರೆಗೂ ಕಲಾಪ ನಡೆಯುತ್ತದೆ.

ಸಭಾಂಗಣದಲ್ಲಿ ಕೂತಿರುವುದು ಇದರ ಒಂದು ಪಾಲು ಮಾತ್ರ. ಸಚಿವರ ಕೊಠಡಿಗೆ ಓಡುವುದು, ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತ ಕಾರ್ಯದರ್ಶಿಯನ್ನು ಲಾಬಿಯಲ್ಲಿ ಹಿಡಿದು ಕಡತದ ಗತಿ ಕೇಳುವುದು, ಸಮಿತಿ ಸಭೆಗೆ ಹಾಜರಾಗುವುದು ಎಲ್ಲ ಅದೇ ದಿನದಲ್ಲಿ ಆಗಬೇಕು. ಸದನದಲ್ಲಿ ಕುರ್ಚಿಗಳು ಖಾಲಿ ಕಂಡವೆಂದು ಎಲ್ಲರೂ ಸೋಮಾರಿಗಳು ಅಂದುಕೊಳ್ಳಬೇಡಿ. ಆದರೂ ಕೋರಂ ಎಂಬ ಲೆಕ್ಕ ಒಂದಿದೆ. ಒಟ್ಟು ಸದಸ್ಯರ ಹತ್ತರಲ್ಲಿ ಒಂದು ಪಾಲು, ಅಂದರೆ ವಿಧಾನಸಭೆಯಲ್ಲಿ 29 ಮಂದಿ ಇಲ್ಲದಿದ್ದರೆ ಗಂಟೆ ಬಾರಿಸಿ ಕಾಯಬೇಕಾಗುತ್ತದೆ.

ಮಳೆ ಜೋರಾದರೆ?

ಶಾಸಕರಿಗೂ ಅದೇ ಲೋಕಲ್, ಅದೇ ನೀರು. 2024ರ ಜುಲೈ 8ರಂದು ರಾತ್ರಿಯಿಡೀ ಸುರಿದ ಮಳೆಗೆ ರೈಲುಗಳು ನಿಂತವು, ಕೆಲವರು ಹಳಿಯ ಮೇಲೆ ನಡೆದರು, ಹಾಜರಾತಿ ಇಲ್ಲದೆ ಎರಡೂ ಸದನಗಳನ್ನು ಮುಂದೂಡಿದರು. ಇಂಥ ದಿನ ಪಟ್ಟಿಯಲ್ಲಿದ್ದ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಿಗುವ ಅವಕಾಶ ಕೈತಪ್ಪುತ್ತದೆ.

ತಾರಾಂಕಿತ ಪ್ರಶ್ನೆ ಅಂದರೇನು? ನಮ್ಮ ವಿಷಯವನ್ನು ಅದರಲ್ಲಿ ಹೇಗೆ ತರುವುದು?

ಕರ್ನಾಟಕದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅನ್ನುವುದೇ ಇಲ್ಲಿ ತಾರಾಂಕಿತ ಪ್ರಶ್ನೆ. ಸಚಿವರು ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಅತಾರಾಂಕಿತಕ್ಕೆ ಲಿಖಿತ ಉತ್ತರ ಮಾತ್ರ.

ಪ್ರಶ್ನೆಗೆ ವಾರಗಟ್ಟಲೆ ಮುಂಚೆ ನೋಟಿಸು ಬೇಕು. ಯಾವ ದಿನದೊಳಗೆ ಪ್ರಶ್ನೆ ಕೊಡಬೇಕೆಂದು ವಿಧಾನಮಂಡಲದ ಸಚಿವಾಲಯ ಸದಸ್ಯರಿಗೆ ತಿಳಿಸಿರುತ್ತದೆ. ಯಾವ ಇಲಾಖೆಯ ಸಚಿವರು ಯಾವ ದಿನ ಉತ್ತರಿಸುತ್ತಾರೆ ಎಂಬುದೂ ಗೊತ್ತುಮಾಡಿರುತ್ತದೆ. ನೀವು ಹೋಗಬೇಕಾದದ್ದು ಆ ಕೊನೆಯ ದಿನಕ್ಕೂ ಎರಡು ವಾರ ಮುಂಚೆ. ಶಾಸಕರ ಆಪ್ತ ಸಹಾಯಕರಿಗೆ ಒಂದು ಫೋನ್ ಮಾಡಿ, "ಪ್ರಶ್ನೆ ಕೊಡುವ ಕೊನೆಯ ತಾರೀಖು ಯಾವುದು?" ಎಂದು ಕೇಳಿ.

ಪ್ರಶ್ನೆಗೆ ಒಂದು ಅಚ್ಚು ಇದೆ. ಮರಾಠಿಯಲ್ಲಿ ಅದು ಹೀಗೆ ಓಡುತ್ತದೆ. ಮೊದಲ ಭಾಗದಲ್ಲಿ ಸಂಗತಿ ಹೇಳಿ, ಕೊನೆಗೆ "ಹೇ ಖರೇ ಆಹೇ ಕಾಯ", ಅಂದರೆ ಇದು ನಿಜವೇ? ಎರಡನೆಯದು "ಅಸಲ್ಯಾಸ", ಹೌದಾದರೆ ಸರ್ಕಾರ ತನಿಖೆ ಮಾಡಿದೆಯೇ, ಏನು ಕ್ರಮ ಕೈಗೊಂಡಿದೆ? ಮೂರನೆಯದು "ನಸಲ್ಯಾಸ, ವಿಲಂಬಾಚೀ ಕಾರಣೇ ಕಾಯ ಆಹೇತ", ಇಲ್ಲವಾದರೆ ತಡಕ್ಕೆ ಕಾರಣವೇನು?

ಉತ್ತರವೂ ಅಷ್ಟೇ ಅಚ್ಚುಕಟ್ಟು. "ಹೋಯ್" (ಹೌದು), "ಹೇ ಖರೇ ನಾಹೀ" (ಇದು ನಿಜವಲ್ಲ), "ಅಂಶತಃ ಖರೇ ಆಹೇ" (ಭಾಗಶಃ ನಿಜ). ಮೊದಲ ಭಾಗಕ್ಕೆ "ನಿಜವಲ್ಲ" ಎಂದುಬಿಟ್ಟರೆ ಉಳಿದ ಎರಡಕ್ಕೂ "ಪ್ರಶ್ನ ಉದ್ಭವತ ನಾಹೀ", ಅಂದರೆ ಪ್ರಶ್ನೆಯೇ ಏಳುವುದಿಲ್ಲ, ಎಂಬ ಒಂದೇ ಸಾಲು. ಅಲ್ಲಿಗೆ ಬಾಗಿಲು ಮುಚ್ಚಿತು.

ಹಾಗಾಗಿ ಎಲ್ಲವೂ ನಿಂತಿರುವುದು ಮೊದಲ ಭಾಗದ ಮೇಲೆ. ಒಂದು ಉದಾಹರಣೆ ನೋಡಿ. "ಮುಂಬಯಿಯ ಕನ್ನಡ ಶಾಲೆಗಳಲ್ಲಿ ಶಿಕ್ಷಕರೇ ಇಲ್ಲ, ಮಕ್ಕಳ ಭವಿಷ್ಯ ಹಾಳಾಗುತ್ತಿದೆ, ನಿಜವೇ?" ಎಂದು ಕೇಳಿದರೆ ಇಲಾಖೆ ನಿಶ್ಚಿಂತೆಯಿಂದ "ನಿಜವಲ್ಲ" ಎನ್ನುತ್ತದೆ. ಏಕೆಂದರೆ ಎಲ್ಲೋ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರೆ. ಅದರ ಬದಲು ಇಂಥ ವಾರ್ಡಿನ ಇಂಥ ಶಾಲೆ, ಮಂಜೂರಾದ ಹುದ್ದೆ ಇಷ್ಟು, ಇಂಥ ತಾರೀಖಿಗೆ ತುಂಬಿದ್ದು ಇಷ್ಟು, ಈ ಬಗ್ಗೆ ಪಾಲಕರು ಇಂಥ ದಿನ ಶಿಕ್ಷಣಾಧಿಕಾರಿಗೆ ಮನವಿ ಕೊಟ್ಟಿದ್ದಾರೆ, ಇದು ನಿಜವೇ ಎಂದು ಬರೆಯಿರಿ. ಅಂಕಿ ಸರಿಯಿದ್ದರೆ ಇಲಾಖೆ "ಹೋಯ್" ಅನ್ನಲೇಬೇಕು, ಅಥವಾ "ಅಂಶತಃ" ಅನ್ನಬೇಕು. ಆಗ ಎರಡನೆಯ, ಮೂರನೆಯ ಭಾಗಕ್ಕೆ ಜೀವ ಬರುತ್ತದೆ.

ಆ ಅಂಕಿ ಎಲ್ಲಿಂದ ತರುವುದು? ಮಾಹಿತಿ ಹಕ್ಕಿನ ಅರ್ಜಿಯಿಂದ. ಉತ್ತರಕ್ಕೆ 30 ದಿನದ ಗಡುವು ಇದೆ, ತಡವಾಗುವುದೂ ಇದೆ. ಮಳೆಗಾಲದ ಅಧಿವೇಶನಕ್ಕೆ ಪ್ರಶ್ನೆ ಬೇಕಾದರೆ ಮಾರ್ಚಿನಲ್ಲೇ ಅರ್ಜಿ ಹಾಕಿ. ಮಹಾನಗರಪಾಲಿಕೆಯ ಶಾಲೆಯಾದರೆ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ, ಖಾಸಗಿ ಅನುದಾನಿತ ಶಾಲೆಯಾದರೆ ರಾಜ್ಯದ ಶಿಕ್ಷಣ ಅಧಿಕಾರಿಗೆ.

ಪ್ರಶ್ನೆ ಕೊಟ್ಟರೂ ಪಟ್ಟಿಗೆ ಬರಲಿಲ್ಲ. ಯಾಕೆ?

ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಬೆರಳೆಣಿಕೆಯ ಪ್ರಶ್ನೆಗಳಿಗೆ. ಉಳಿದವು ಲಿಖಿತ ಉತ್ತರಕ್ಕೇ ನಿಲ್ಲುತ್ತವೆ. ಇದು ಯಾರ ತಪ್ಪೂ ಅಲ್ಲ. ಆದರೆ ತಿರಸ್ಕೃತವಾಗುವ ಪ್ರಶ್ನೆಗಳಲ್ಲಿ ಬಹಳಷ್ಟು ನಮ್ಮ ಅಜಾಗರೂಕತೆಯಿಂದ ಬಿದ್ದವು. ಕೋರ್ಟಿನಲ್ಲಿರುವ ವಿಷಯ, ಸಚಿವರ ಅಭಿಪ್ರಾಯ ಕೇಳುವುದು, "ಹೀಗಾದರೆ ಸರ್ಕಾರ ಏನು ಮಾಡುತ್ತದೆ" ಎಂಬ ಊಹೆ, ವ್ಯಕ್ತಿಯ ಮೇಲೆ ಬರೀ ಆರೋಪ, ಇವು ದಾಟುವುದಿಲ್ಲ. ಮಂಗಳೂರು, ಉಡುಪಿ ಕಡೆಯ ರೈಲು ಹೆಚ್ಚಿಸಿ ಎಂಬ ಬೇಡಿಕೆ ನಮ್ಮವರು ಶಾಸಕರಿಗೇ ಕೊಡುತ್ತಾರೆ. ರೈಲು ಕೇಂದ್ರದ್ದು, ಅದನ್ನು ಸಂಸದರಿಗೆ ಕೊಡಿ.

ಇಲಾಖೆಯ ಹೆಸರು ತಪ್ಪಿದರೂ ಪ್ರಶ್ನೆ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತದೆ, ದಿನ ಕಳೆಯುತ್ತದೆ. ಪಾಲಿಕೆಯ ಕೆಲಸವಾದರೆ ಅದು ನಗರ ವಿಕಾಸ. ಮ್ಹಾಡಾ (ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ), ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಕಟ್ಟಡವಾದರೆ ಗೃಹನಿರ್ಮಾಣ. ಹೌಸಿಂಗ್ ಸೊಸೈಟಿಯ ಕಮಿಟಿ ಜಗಳ, ರಿಜಿಸ್ಟ್ರಾರರ ವಿಳಂಬವಾದರೆ ಸಹಕಾರ. ಬಾರ್ ಲೈಸೆನ್ಸ್ ರಾಜ್ಯ ಉತ್ಪಾದನ ಶುಲ್ಕ (ಅಬಕಾರಿ), ಹೋಟೆಲಿನ ಆಹಾರದ ಪರವಾನಗಿ ಅನ್ನ ವ ಔಷಧ ಪ್ರಶಾಸನ, ಕೆಲಸಗಾರರ ವಿಷಯ ಕಾಮಗಾರ ವಿಭಾಗ. ಮನವಿಯ ಮೇಲ್ತುದಿಯಲ್ಲೇ ಇದನ್ನು ಸರಿಯಾಗಿ ಬರೆದುಕೊಟ್ಟರೆ ಆಪ್ತ ಸಹಾಯಕರ ಅರ್ಧ ಕೆಲಸ ಉಳಿಯುತ್ತದೆ.

ಲಕ್ಷವೇಧಿ ಎಂದರೆ?

ಗಮನ ಸೆಳೆಯುವ ಸೂಚನೆ. ತುರ್ತಾದ, ಸಾರ್ವಜನಿಕ ಮಹತ್ವದ ವಿಷಯಕ್ಕೆ. ಅಧಿವೇಶನ ನಡೆಯುತ್ತಿರುವಾಗಲೇ ಕೊಡಬಹುದು ಎಂಬುದು ಇದರ ದೊಡ್ಡ ಗುಣ. ಸಭಾಧ್ಯಕ್ಷರು ಒಪ್ಪಿದರೆ ಇಲಾಖೆ ನಿವೇದನೆ (ಲಿಖಿತ ಹೇಳಿಕೆ) ತಯಾರಿಸುತ್ತದೆ, ಸದಸ್ಯರಿಗೆ ಅದರ ಪ್ರತಿ ಸಿಗುತ್ತದೆ, ನಂತರ ಸದನದಲ್ಲಿ ಪ್ರಶ್ನೆ-ಉತ್ತರ. ಕಟ್ಟಡ ಕುಸಿತ, ಬೆಂಕಿ ಅನಾಹುತ, ಮೋಸಹೋದ ಠೇವಣಿದಾರರು, ಇಂಥವಕ್ಕೆ ಸರಿ.

ದಿನದಲ್ಲಿ ತೆಗೆದುಕೊಳ್ಳುವುದು ಕೆಲವನ್ನು ಮಾತ್ರ, ಕೊಡುವವರು ಬಹಳ. ಒಂದೇ ವಿಷಯಕ್ಕೆ ಬೇರೆಬೇರೆ ಪಕ್ಷದ ಮೂರು ನಾಲ್ಕು ಸದಸ್ಯರು ಸಹಿ ಹಾಕಿದರೆ ತೂಕ ಹೆಚ್ಚು. ಕಾಂದಿವಲಿಯಿಂದ ಕುರ್ಲಾವರೆಗೆ ಒಂದೇ ತೊಂದರೆ ಅನುಭವಿಸುವ ಹೋಟೆಲಿನವರು ತಂತಮ್ಮ ಕ್ಷೇತ್ರದ ಶಾಸಕರಿಗೆ ಒಂದೇ ಒಕ್ಕಣೆಯ ಮನವಿ ಕೊಡುವುದು ಈ ಕಾರಣಕ್ಕೆ ಒಳ್ಳೆಯದು. 2025ರ ಜುಲೈ 14ರಂದು ಮದ್ಯದ ತೆರಿಗೆ, ಶುಲ್ಕ ಏರಿಕೆಯ ವಿರುದ್ಧ ರಾಜ್ಯದ ಬಾರ್, ಪರ್ಮಿಟ್ ರೂಮುಗಳು ಬಾಗಿಲು ಹಾಕಿದಾಗ ಮಳೆಗಾಲದ ಅಧಿವೇಶನ ನಡೆಯುತ್ತಿತ್ತು. ಬೀದಿಯ ಹೋರಾಟ ಮತ್ತು ಸದನದ ಸೂಚನೆ ಒಂದೇ ವಾರದಲ್ಲಿ ಬಂದರೆ ಸಚಿವರು ಎರಡಕ್ಕೂ ಒಟ್ಟಿಗೆ ಉತ್ತರ ಕೊಡಬೇಕಾಗುತ್ತದೆ.

ನಿಯಮ 293, 260 ಎಂದೆಲ್ಲ ಸುದ್ದಿಯಲ್ಲಿ ಬರುತ್ತದಲ್ಲ?

293 ವಿಧಾನಸಭೆಯಲ್ಲಿ, 260 ಪರಿಷತ್ತಿನಲ್ಲಿ, ದೊಡ್ಡ ವಿಷಯದ ಮೇಲೆ ವಿಸ್ತಾರ ಚರ್ಚೆಗೆ. ಕಾನೂನು ಸುವ್ಯವಸ್ಥೆ, ರೈತರು, ಮುಂಬಯಿಯ ಮನೆಗಳು, ಹೀಗೆ. ಹತ್ತಾರು ಸದಸ್ಯರು ಮಾತನಾಡುತ್ತಾರೆ, ಕೊನೆಗೆ ಸಚಿವರ ಉತ್ತರ. ನಿಮ್ಮ ಶಾಲೆಯ ಹೆಸರು ಇಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಬಹುದು, ಆದರೆ ಅದಕ್ಕೆ ಪ್ರತ್ಯೇಕ ಉತ್ತರ ಸಿಗುವುದು ಅಪರೂಪ.

ಮಸೂದೆ ಕಾನೂನಾಗುವ ದಾರಿಯಲ್ಲಿ ಶಾಸಕರ ಕೆಲಸ ಏನು?

ಇದೇ ಅವರ ಮೂಲ ಕೆಲಸ, ಆದರೆ ಇದಕ್ಕೇ ಅತಿ ಕಡಿಮೆ ಸಮಯ ಸಿಗುತ್ತದೆ. ಮಸೂದೆಯನ್ನು ಸಚಿವರು ಮಂಡಿಸುತ್ತಾರೆ. ಪ್ರತಿ ಸದಸ್ಯರ ಮೇಜಿಗೆ ಅಚ್ಚಾದ ಪ್ರತಿ ಬರುತ್ತದೆ. ನಂತರ ಒಟ್ಟಾರೆ ಚರ್ಚೆ, ಖಂಡ-ಖಂಡವಾಗಿ ಪರಿಶೀಲನೆ, ತಿದ್ದುಪಡಿಗಳು, ಧ್ವನಿಮತ. ಮತ್ತೊಂದು ಸದನದಲ್ಲಿ ಇದೇ ಸುತ್ತು. ಸಾಧಾರಣ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ತಡೆಹಿಡಿಯಬಹುದು. ವಿಧಾನಸಭೆ ಮತ್ತೆ ಅಂಗೀಕರಿಸಿದರೆ ಇನ್ನೊಂದು ತಿಂಗಳು, ಅಷ್ಟೇ. ಹಣಕಾಸಿನ ಮಸೂದೆಯಾದರೆ 14 ದಿನ. ಕೊನೆಗೆ ರಾಜ್ಯಪಾಲರ ಅಂಕಿತ, ರಾಜಪತ್ರದಲ್ಲಿ ಪ್ರಕಟಣೆ.

ಮಸೂದೆಯ ಪ್ರತಿ ಕೈಗೆ ಬಂದಾಗ ಹೆಚ್ಚಿನವರು ಉದ್ದೇಶ ಮತ್ತು ಕಾರಣಗಳ ಟಿಪ್ಪಣಿ ಓದಿ ಮುಚ್ಚಿಡುತ್ತಾರೆ. ನುರಿತ ಶಾಸಕರು ಹಿಂಬದಿಗೆ ಹೋಗಿ ಹಣಕಾಸಿನ ಟಿಪ್ಪಣಿ ಮತ್ತು ನಿಯಮ ರಚಿಸುವ ಅಧಿಕಾರವನ್ನು ಯಾರಿಗೆ ಒಪ್ಪಿಸಲಾಗಿದೆ ಎಂಬ ಟಿಪ್ಪಣಿ ನೋಡುತ್ತಾರೆ. ದಂಡ ಎಷ್ಟು, ಫಾರಂ ಯಾವುದು, ಗಡುವು ಎಂದು ಎಂಬುದೆಲ್ಲ ಕಾಯ್ದೆಯಲ್ಲಿ ಇಲ್ಲದೆ "ವಿಹಿತ ಕೇಲ್ಯಾಪ್ರಮಾಣೇ" (ನಿಯಮದಲ್ಲಿ ಗೊತ್ತುಮಾಡಿದಂತೆ) ಎಂದು ಬಿಟ್ಟಿದ್ದರೆ, ನಾಳೆ ಅದನ್ನು ಬರೆಯುವವರು ಇಲಾಖೆಯ ಅಧಿಕಾರಿಗಳು. ವ್ಯಾಪಾರಿಗಳಿಗೆ ಪೆಟ್ಟು ಬೀಳುವುದು ಅಲ್ಲೇ.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಅಂಗಡಿ ಫಲಕದ್ದು. 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಮುಖ್ಯವಾಗಿ ಅನ್ವಯಿಸುತ್ತಿತ್ತು. 2022ರ ತಿದ್ದುಪಡಿ ಮರಾಠಿ ಫಲಕದ ನಿಯಮವನ್ನು ಸಣ್ಣ ಅಂಗಡಿಗಳಿಗೂ ಹಚ್ಚಿತು. ದೇವನಾಗರಿಯಲ್ಲಿ ಮರಾಠಿ ಇರಬೇಕು, ಅದರ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಾಗಬಾರದು, ಮದ್ಯ ಮಾರುವ ಕಡೆ ಮಹಾಪುರುಷರ, ಕೋಟೆಗಳ ಹೆಸರು ಇಡಬಾರದು. ಮರಾಠಿಯ ಜತೆ ಕನ್ನಡ ಬರೆಯಲು ಅಡ್ಡಿಯಿಲ್ಲ. ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಅವಕಾಶ ಕೊಟ್ಟ ಮೇಲೆ ಮುಂಬಯಿಯ ಎಷ್ಟೋ ಉಡುಪಿ ಹೋಟೆಲುಗಳು ಓಡಾಡಿ ಬೋರ್ಡು ಬದಲಿಸಿದವು. ಮಸೂದೆ ಸದನದಲ್ಲಿದ್ದದ್ದು ಅದಕ್ಕೂ ಒಂದೂವರೆ ವರ್ಷ ಮುಂಚೆ. ಅಕ್ಷರದ ಅಳತೆ, ಗಡುವು, ದಂಡದ ಬಗ್ಗೆ ಹೇಳಬೇಕಾದದ್ದೇನಾದರೂ ಇದ್ದಿದ್ದರೆ ಆಗ ಹೇಳಬೇಕಿತ್ತು.

2020ರಲ್ಲಿ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಮಾಡಿದ ಕಾಯ್ದೆಯದೂ ಇದೇ ಕಥೆ. ಮರಾಠಿ ಕಲಿಯುವುದು ನಮ್ಮ ಮಕ್ಕಳಿಗೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಮಾಧ್ಯಮಕ್ಕೆ ಮರಾಠಿ ಶಿಕ್ಷಕರನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಸದನದಲ್ಲೇ ಉತ್ತರ ಪಡೆಯಬೇಕು.

ಮಸೂದೆಗೆ ಸಾರ್ವಜನಿಕರು ಸಲಹೆ ಕೊಡಬಹುದೇ?

ಮಸೂದೆ ಜಂಟಿ ಆಯ್ಕೆ ಸಮಿತಿಗೆ (ಎರಡೂ ಸದನಗಳ ಸದಸ್ಯರು ಕೂತು ಪರಿಶೀಲಿಸುವ ಸಮಿತಿ) ಹೋದರೆ ಕೊಡಬಹುದು. ಮಹಾರಾಷ್ಟ್ರ ವಿಶೇಷ ಜನಸುರಕ್ಷಾ ಮಸೂದೆ 2024ರ ಡಿಸೆಂಬರಿನಲ್ಲಿ ಇಂಥ ಸಮಿತಿಗೆ ಹೋಗಿ, 12,000ಕ್ಕೂ ಹೆಚ್ಚು ಸಲಹೆ-ಆಕ್ಷೇಪ ಬಂದು, ಕೆಲವು ಬದಲಾವಣೆಗಳೊಂದಿಗೆ 2025ರ ಜುಲೈಯಲ್ಲಿ ಅಂಗೀಕಾರವಾಯಿತು. ಸಮಿತಿಗೆ ಹೋಗದ ಮಸೂದೆ ಮಂಡನೆಯಾದ ಎರಡು ಮೂರು ದಿನಕ್ಕೇ ಮುಗಿದುಹೋಗುವುದು ಹೆಚ್ಚು. ಆಗ ದಾರಿ ಒಂದೇ, ನಿಮ್ಮ ಶಾಸಕರ ಮೂಲಕ ತಿದ್ದುಪಡಿ. ತಿದ್ದುಪಡಿಯನ್ನು ಇಂಥ ಖಂಡ, ಇಂಥ ಸಾಲು, ಈ ಪದಗಳ ಬದಲು ಈ ಪದಗಳು ಎಂದು ಬರೆದುಕೊಡಬೇಕು. "ಸಣ್ಣ ವ್ಯಾಪಾರಿಗಳಿಗೆ ಅನುಕೂಲ ಮಾಡಿ" ಎಂದರೆ ಅದು ತಿದ್ದುಪಡಿ ಅಲ್ಲ, ಪ್ರಾರ್ಥನೆ.

ಠರಾವು ಅಂಗೀಕಾರವಾಯಿತು ಎಂದರೆ ಕಾನೂನಾಯಿತು ಅಂತಲೇ?

ಅಲ್ಲ. ಠರಾವು, ಅಂದರೆ ನಿರ್ಣಯ, ಸದನದ ಅಭಿಪ್ರಾಯ. 2022ರ ಡಿಸೆಂಬರ್ 27ರಂದು ನಾಗಪುರದಲ್ಲಿ ಕರ್ನಾಟಕದಲ್ಲಿರುವ ಗಡಿಯ 865 ಮರಾಠಿ ಹಳ್ಳಿಗಳು ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಠರಾವು ಬಂದಾಗ ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಆತಂಕದ ಫೋನುಗಳು ಓಡಾಡಿದವು. ಅದಕ್ಕೂ ಕೆಲವು ದಿನ ಮುಂಚೆ ಕರ್ನಾಟಕದ ವಿಧಾನಮಂಡಲವೂ ತನ್ನ ಠರಾವು ಮಾಡಿತ್ತು. ಎರಡರಿಂದಲೂ ಗಡಿ ಒಂದಿಂಚು ಸರಿಯಲಿಲ್ಲ. ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು, ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಇರುವುದು ಸುಪ್ರೀಂ ಕೋರ್ಟಿನಲ್ಲಿ.

ಪುರವಣಿ ಬೇಡಿಕೆಗಳು ನಮಗೇಕೆ ಮುಖ್ಯ?

ಬಜೆಟ್ಟಿನ ಹಣ ಸಾಕಾಗದಾಗ ಹೆಚ್ಚುವರಿ ಹಣಕ್ಕೆ ಸರ್ಕಾರ ಮತ್ತೆ ಸದನದ ಒಪ್ಪಿಗೆ ಕೇಳುವುದೇ ಪುರವಣಿ ಮಾಗಣ್ಯಾ. ಸಾಮಾನ್ಯವಾಗಿ ಅಧಿವೇಶನದ ಮೊದಲ ದಿನವೇ ಆ ದಪ್ಪ ಪುಸ್ತಕ ಬರುತ್ತದೆ. ನಿಮಗೆ ಭರವಸೆ ಕೊಟ್ಟ ಅನುದಾನಕ್ಕೆ ಅದರಲ್ಲಿ ಸಾಲು ಇದೆಯೇ ಎಂದು ಶಾಸಕರಿಂದ ನೋಡಿಸಿಕೊಳ್ಳಿ. ಸಾಲು ಇಲ್ಲ ಅಂದರೆ ಹೊಸ ಹಣವೂ ಇಲ್ಲ, ವೇದಿಕೆಯ ಮೇಲೆ ಯಾರು ಏನೇ ಹೇಳಿರಲಿ. ಶಾಸಕರ ಸ್ಥಾನಿಕ ವಿಕಾಸ ನಿಧಿ, ವರ್ಷಕ್ಕೆ 5 ಕೋಟಿ, ಇದರಿಂದ ಬೇರೆ. ಅದಕ್ಕೆ ಅಧಿವೇಶನ ಕಾಯಬೇಕಿಲ್ಲ, ಜಿಲ್ಲಾಡಳಿತದ ಮೂಲಕ ನಡೆಯುತ್ತದೆ.

ಶಾಸಕರು ತಮ್ಮ ಪಕ್ಷದ ವಿರುದ್ಧ ಮತ ಹಾಕಬಹುದೇ?

ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಇದ್ದಾಗ ಅದನ್ನು ಮೀರಿ ಮತ ಹಾಕಿದರೆ ಅಥವಾ ಗೈರಾದರೆ ಸಂವಿಧಾನದ ಹತ್ತನೇ ಅನುಸೂಚಿಯಂತೆ (ಪಕ್ಷಾಂತರ ತಡೆ) ಸದಸ್ಯತ್ವಕ್ಕೇ ಕುತ್ತು, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ. ಮಾತನಾಡುವುದಕ್ಕೆ ಈ ಅಂಜಿಕೆ ಇಲ್ಲ. ಆಡಳಿತ ಪಕ್ಷದ ಶಾಸಕರೇ ತಮ್ಮ ಸಚಿವರನ್ನು ಪ್ರಶ್ನೋತ್ತರದಲ್ಲಿ ಬೆವರಿಳಿಸುವುದನ್ನು ನೀವು ನೋಡಿರಬಹುದು. ಮತವನ್ನು ಹೆಚ್ಚಾಗಿ ಧ್ವನಿಯಲ್ಲೇ ಎಣಿಸುತ್ತಾರೆ. ಬಿಕ್ಕಟ್ಟಿನ ಹೊತ್ತಿನಲ್ಲಿ ಶಿರಗಣತಿ, ಅಂದರೆ ತಲೆ ಎಣಿಕೆ. 2022ರ ಜುಲೈ 4ರ ವಿಶ್ವಾಸಮತ ಹಾಗೆ ಎಣಿಸಿದ್ದು, 164ಕ್ಕೆ 99.

ಶಾಸಕರು ಸದನದಲ್ಲಿ ಕನ್ನಡ ಮಾತನಾಡಬಹುದೇ?

ಸಂವಿಧಾನದ 210ನೇ ವಿಧಿಯಂತೆ ಸದನದ ಭಾಷೆ ರಾಜ್ಯದ ಅಧಿಕೃತ ಭಾಷೆ, ಹಿಂದಿ ಅಥವಾ ಇಂಗ್ಲಿಷ್. ಇವುಗಳಲ್ಲಿ ತಮ್ಮ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಕರ್ನಾಟಕದ ಗಡಿಗೆ ತಾಗಿದ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಬಲ್ಲ ಶಾಸಕರಿಗೂ ಮರಾಠಿ ಸರಾಗವಾಗಿ ಬರುವುದರಿಂದ ಕಲಾಪ ಮರಾಠಿಯಲ್ಲೇ ಸಾಗುತ್ತದೆ. ನಿಮ್ಮ ಮನವಿಯನ್ನೂ ಮರಾಠಿಯಲ್ಲೇ ಬರೆಯಿರಿ. ಕನ್ನಡದ ಕಾಗದಪತ್ರ ಲಗತ್ತಿಸಿದರೆ ಅದರ ಮರಾಠಿ ಅನುವಾದ ಜತೆಗಿರಲಿ.

ಗದ್ದಲ ಮಾಡಿದರೆ ಅಮಾನತು ಎಷ್ಟು ದಿನ?

ಆ ಅಧಿವೇಶನದ ಉಳಿದ ಅವಧಿಗೆ ಮೀರಿದ್ದಲ್ಲ. 2021ರ ಜುಲೈಯಲ್ಲಿ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿದ್ದನ್ನು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ರದ್ದುಮಾಡಿತು. ವರ್ಷವಿಡೀ ಒಂದು ಕ್ಷೇತ್ರದ ಜನರಿಗೆ ಸದನದಲ್ಲಿ ದನಿಯೇ ಇಲ್ಲದಂತಾಗುವುದನ್ನು ಅದು ಒಪ್ಪಲಿಲ್ಲ. ಗದ್ದಲದಲ್ಲಿ ಪ್ರಶ್ನೋತ್ತರ ಕೊಚ್ಚಿಹೋದ ದಿನ ನಷ್ಟ ಆಗುವುದು ಮಾಹಿತಿ ಹಕ್ಕಿನ ಕಾಗದ ಹೊತ್ತು ತಿಂಗಳುಗಟ್ಟಲೆ ಕಾದವರಿಗೆ.

ಅಧಿವೇಶನ ನಡೆಯುವಾಗ ಶಾಸಕರನ್ನು ಎಲ್ಲಿ ಭೇಟಿಯಾಗುವುದು?

ವಿಧಾನ ಭವನದ ಒಳಗೆ ಎಂದು ಲೆಕ್ಕ ಹಾಕಬೇಡಿ. 2025ರ ಜುಲೈಯಲ್ಲಿ ಲಾಬಿಯಲ್ಲೇ ಬೆಂಬಲಿಗರ ಹೊಡೆದಾಟ ಆದ ಮೇಲೆ ಅಧಿವೇಶನದ ವೇಳೆ ಸಂದರ್ಶಕರ ಪ್ರವೇಶ ಬಹಳ ಬಿಗಿಯಾಯಿತು. ಬೆಳಿಗ್ಗೆ ಎಂಟರೊಳಗೆ ಅವರ ಮನೆ ಅಥವಾ ನಿವಾಸದಲ್ಲಿ, ಇಲ್ಲವೇ ಶನಿವಾರ-ಭಾನುವಾರ ಕ್ಷೇತ್ರದ ಕಚೇರಿಯಲ್ಲಿ ನೋಡಿ. ಆ ಕಡೆ ಹೋಗಲೇಬೇಕಾದರೆ ಚರ್ಚ್‌ಗೇಟಿನಿಂದ ನಡೆದು ಹೋಗಬಹುದು, ಮೆಟ್ರೊ 3ರ ವಿಧಾನ ಭವನ ನಿಲ್ದಾಣ ಇನ್ನೂ ಹತ್ತಿರ. ಗುರುತಿನ ಚೀಟಿಯ ಅಸಲು ಪ್ರತಿ ಇರಲಿ. ಹತ್ತು ಜನ ಗುಂಪಾಗಿ ಹೋಗುವ ಬದಲು ವಿಷಯ ಗೊತ್ತಿರುವ ಇಬ್ಬರು ಹೋಗಿ.

ಕೈಗೆ ಕೊಡುವ ಕಾಗದ ಒಂದೇ ಪುಟ, ಬೇಡಿಕೆ ಒಂದೇ. ಮೇಲೆ ಇಲಾಖೆ ಮತ್ತು ವಿಷಯ, ನಡುವೆ ತಾರೀಖು-ಅಂಕಿಗಳೊಂದಿಗೆ ಸಂಗತಿ, ಕೆಳಗೆ ಸರ್ಕಾರ ಏನು ಮಾಡಬೇಕೆಂಬ ಒಂದು ವಾಕ್ಯ. ಹಿಂದೆ ಮಾಹಿತಿ ಹಕ್ಕಿನ ಉತ್ತರ, ಹಳೆಯ ಮನವಿಯ ಸ್ವೀಕೃತಿ. ಒಂದೇ ಪತ್ರದಲ್ಲಿ ಶಾಲೆ, ಗಟಾರ, ರೈಲು, ಸಭಾಭವನದ ಜಾಗ ಎಲ್ಲ ತುಂಬಿದರೆ ಯಾವ ಇಲಾಖೆಗೂ ಅದು ತಮ್ಮದು ಎನಿಸುವುದಿಲ್ಲ. ಪುಷ್ಪಗುಚ್ಛ, ಶಾಲು, ಫೋಟೊ ಅಧಿವೇಶನ ಮುಗಿದ ಮೇಲೆ.

ಸಚಿವರು ಸದನದಲ್ಲಿ "ಮೂರು ತಿಂಗಳಲ್ಲಿ ಮಾಡುತ್ತೇವೆ" ಎಂದರು. ಮುಂದೇನು?

ಮೊದಲು ಆ ಮಾತಿನ ಅಚ್ಚಾದ ಪಾಠ ಹಿಡಿಯಿರಿ. ಸದನದ ಪ್ರತಿ ಮಾತೂ ಅಧಿಕೃತ ವರದಿಯಲ್ಲಿ ದಾಖಲಾಗುತ್ತದೆ. ಶಾಸಕರ ಕಚೇರಿಯಿಂದ ಆ ದಿನದ ಪುಟ ಪಡೆದುಕೊಳ್ಳಿ. "ಮಾಡುತ್ತೇವೆ" ಮತ್ತು "ಪರಿಶೀಲಿಸುತ್ತೇವೆ" ಒಂದೇ ಅಲ್ಲ. "ತಪಾಸೂನ ಘೇಣ್ಯಾತ ಯೇಈಲ" ಎಂದಿದ್ದರೆ ಅದು ನೋಡೋಣ ಎಂಬ ಮಾತು ಅಷ್ಟೇ. ನಿಜವಾದ ಭರವಸೆಯಾದರೆ ಅದು ಆಶ್ವಾಸನ ಸಮಿತಿಯ ಪಟ್ಟಿಗೆ ಹೋಗುತ್ತದೆ. ಅದು ಪಕ್ಷಭೇದವಿಲ್ಲದೆ ಶಾಸಕರೇ ಇರುವ ಸಮಿತಿ, ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಕೇಳುವ ಅಧಿಕಾರ ಅದಕ್ಕಿದೆ. ನಿಮ್ಮ ವಿಷಯ ಆ ಪಟ್ಟಿಯಲ್ಲಿದೆಯೇ ಎಂದು ಶಾಸಕರಿಂದ ಒಂದು ಪತ್ರ ಬರೆಸಿ.

ನಡುವೆ ಇಲಾಖೆಗೆ ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಂಥ ದಿನದ ಇಂಥ ಭರವಸೆಯ ಮೇಲೆ ಯಾವ ಕಡತ ತೆರೆಯಲಾಗಿದೆ, ಅದು ಈಗ ಯಾರ ಮೇಜಿನ ಮೇಲಿದೆ ಎಂದು ಕೇಳಿ. ಆ ಉತ್ತರ ಬರುವ ಹೊತ್ತಿಗೆ ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಕೊಡುವ ದಿನ ಹತ್ತಿರ ಬಂದಿರುತ್ತದೆ. ಅದನ್ನು ಹಿಡಿದು ಮತ್ತೆ ಶಾಸಕರ ಕಚೇರಿಗೆ ಹೋಗಿ.